ಸ್ಟೇರಿಂಗ್ ಒಳಗಿನ ಡಬ್ಬಿ, ನಮ್ಮೂರಿನ ತೇವ

ಕುಮಟಾದಲ್ಲಿ ಕಾರು ಇರುವವರು, ಡ್ರೈವರ್‌ಗಳು, ಗ್ಯಾರೇಜಿನ ಹುಡುಗರು ಸೇರಿದ್ದ ಒಂದು ಸಂಜೆ ಕಾರಿನ ಏರ್‌ಬ್ಯಾಗ್ ದೋಷದ ಬಗ್ಗೆ ಆಡಿದ ಮಾತು ಇದು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ. ಶಿರಸಿ ಕಡೆಯವರು ದೇವಿಮನೆ ಘಾಟಿ ಇಳಿದು ಬಂದಿದ್ದೀರಿ. ಅಂಕೋಲಾ, ಕಾರವಾರದವರೂ ಕಾಣುತ್ತಿದ್ದಾರೆ. ನಾನು ಇಪ್ಪತ್ತಾರು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಇವತ್ತು ಹೇಳುವ ವಿಷಯ ಮಾತ್ರ ನನಗೆ ಗ್ಯಾರೇಜಿನಲ್ಲಿ ತಿಳಿದದ್ದಲ್ಲ. ಅಕ್ಕನ ಮನೆಯ ಜಗುಲಿಯಲ್ಲಿ ತಿಳಿದದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಭಾವನದು ಶಿರಸಿ ಹತ್ತಿರ ಅಡಿಕೆ ತೋಟ. ಮಗಳ ಮದುವೆಗೆ ಮುಂಚೆ ಒಂದು ಸೆಡಾನ್ ತಗೊಂಡರು. ಸೆಕೆಂಡ್ ಹ್ಯಾಂಡ್ ಅಂತ ಹೇಳಿ ಮಾರಿದ್ದರು. ಆರ್‌ಸಿ ನೋಡಿದರೆ ಮೂರನೇ ಕೈ. ಮೊದಲು ಗೋವಾದಲ್ಲಿತ್ತು, ಆಮೇಲೆ ಮಂಗಳೂರಿಗೆ ಬಂತು. ನಂಬರ್ ಈಗಲೂ ಕೆಎ-19. ತಗೊಳ್ಳುವ ಮುಂಚೆ ಪೂರ್ತಿ ನೋಡಿದವನು ನಾನೇ. ಇಂಜಿನ್ ಚೆನ್ನಾಗಿತ್ತು, ಅಡಿಭಾಗಕ್ಕೆ ತುಕ್ಕು ಹಿಡಿದಿರಲಿಲ್ಲ, ಸ್ಕ್ಯಾನರ್ ಹಾಕಿದಾಗ ಒಂದೂ ದೋಷ ತೋರಿಸಲಿಲ್ಲ. ಧೈರ್ಯವಾಗಿ ತಗೊಳ್ಳಿ ಅಂದೆ. ಎರಡು ವರ್ಷ ಸರ್ವಿಸ್ ಮಾಡಿದವನೂ ನಾನೇ.

ಒಂದು ರಾತ್ರಿ ಊಟ ಮುಗಿಸಿ ಕೂತಿದ್ದೆವು. ಅಕ್ಕನ ಮಗ ಮೊಬೈಲಿನಲ್ಲಿ ಏನೋ ಓದುತ್ತಿದ್ದವನು ಕೇಳಿದ, "ಮಾವ, ನಮ್ಮ ಕಾರಿನ ಏರ್‌ಬ್ಯಾಗ್ ರಿಕಾಲ್ ಆಗಿದೆಯಾ?" ರಿಕಾಲ್ ಅಂದರೆ ದೋಷ ಇರುವ ಕಾರನ್ನು ಕಂಪನಿಯೇ ವಾಪಸ್ ಕರೆಸಿ ಸರಿ ಮಾಡಿಕೊಡುವುದು. ಗೊತ್ತಿಲ್ಲ ಕಣೋ, ನೋಡು ಅಂದೆ. ಅವನು ಆರ್‌ಸಿ ತಂದ. ಕರೆಂಟ್ ಹೋಗಿತ್ತು. ನಾನು ಟಾರ್ಚ್ ಹಿಡಿದು ಚಾಸಿ ನಂಬರಿನ ಒಂದೊಂದೇ ಅಕ್ಷರ ಓದಿದೆ, ಅವನು ಕಂಪನಿಯ ಜಾಲತಾಣದಲ್ಲಿ ಹಾಕಿದ. ಅಂಕಿಗಳೂ ಸೇರಿ ಒಟ್ಟು 17 ಅಕ್ಷರ. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಬಂತು: ಡ್ರೈವರ್ ಬದಿಯ ಏರ್‌ಬ್ಯಾಗ್ ಇನ್‌ಫ್ಲೇಟರ್, ಬದಲಿಸುವುದು ಬಾಕಿ ಇದೆ.

ಆ ಕಾರನ್ನು ಹೆಚ್ಚಾಗಿ ಓಡಿಸುತ್ತಿದ್ದವಳು ನನ್ನ ಅಕ್ಕ. ವಾರಕ್ಕೆ ಎರಡು ಸಲವಾದರೂ ಘಾಟಿ ಇಳಿದು ಹತ್ತುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದನ್ನು ನೆನೆಸಿಕೊಂಡೇ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏರ್‌ಬ್ಯಾಗ್ ಅಂದರೆ ನಮ್ಮ ತಲೆಯಲ್ಲಿ ಬರುವುದು ಆ ಬಿಳಿ ಚೀಲ. ಈ ಕತೆಯಲ್ಲಿ ಚೀಲದ ತಪ್ಪು ಏನೂ ಇಲ್ಲ. ಚೀಲವನ್ನು ಉಬ್ಬಿಸುವ ಒಂದು ಡಬ್ಬಿ ಇದೆ. ಅದಕ್ಕೆ ಇನ್‌ಫ್ಲೇಟರ್ ಅನ್ನುತ್ತಾರೆ. ಸ್ಟೇರಿಂಗ್ ನಡುವೆ, ಹಾರ್ನ್ ಪ್ಯಾಡಿನ ಹಿಂದೆ ಕೂತಿರುತ್ತದೆ. ಅಂಗೈ ಮೇಲೆ ಹಿಡಿಯುವಷ್ಟು ದೊಡ್ಡ ಉಕ್ಕಿನ ಡಬ್ಬಿ. ಒಳಗೆ ಸಿಡಿಮದ್ದಿನ ಬಿಲ್ಲೆಗಳು. ಕಾರು ಜೋರಾಗಿ ಹೊಡೆದ ಕೂಡಲೇ ಸೆನ್ಸರ್ ಕರೆಂಟ್ ಕಳಿಸುತ್ತದೆ, ಬಿಲ್ಲೆ ಹೊತ್ತಿಕೊಳ್ಳುತ್ತದೆ, ಅದರ ಗ್ಯಾಸು ಚೀಲ ತುಂಬುತ್ತದೆ. ಇದೆಲ್ಲಾ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಹೊತ್ತಿನಲ್ಲಿ. ನೀವು ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿ ಎದುರಿಗೆ ನಿಂತಿರುತ್ತದೆ.

ಇಷ್ಟು ಬೇಗ ಉರಿಯಬೇಕು, ಆದರೆ ಅಳತೆ ಮೀರಬಾರದು. ಕಷ್ಟ ಇರುವುದು ಅಲ್ಲೇ.

ಜಪಾನಿನ ಟಕಾಟಾ ಅನ್ನುವ ಕಂಪನಿ ಜಗತ್ತಿನ ದೊಡ್ಡ ದೊಡ್ಡ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಮಾಡಿಕೊಡುತ್ತಿತ್ತು. ಹೋಂಡಾ, ಟೊಯೊಟಾ, ನಿಸಾನ್, ಫೋರ್ಡ್, ಬಿಎಂಡಬ್ಲ್ಯು, ಹೀಗೆ ಬಹಳ ಕಂಪನಿಗಳು. 2000ದ ಆಸುಪಾಸಿನಲ್ಲಿ ಅದು ಬಿಲ್ಲೆಗೆ ಅಮೋನಿಯಂ ನೈಟ್ರೇಟ್ ಬಳಸಲು ಶುರು ಮಾಡಿತು. ಅಗ್ಗ, ಡಬ್ಬಿಯೂ ಸಣ್ಣದಾಗುತ್ತದೆ. ಅಮೋನಿಯಂ ನೈಟ್ರೇಟ್ ಗೊಬ್ಬರಕ್ಕೂ ಬಳಕೆಯಾಗುತ್ತದೆ, ಕಲ್ಲು ಕ್ವಾರಿಯ ಸ್ಫೋಟಕಕ್ಕೂ ಬಳಕೆಯಾಗುತ್ತದೆ. 2020ರ ಆಗಸ್ಟ್‌ನಲ್ಲಿ ಲೆಬನಾನ್ ದೇಶದ ಬೈರೂತ್ ಬಂದರಿನಲ್ಲಿ ಸಿಡಿದದ್ದು ಇದೇ ವಸ್ತುವಿನ 2750 ಟನ್ ರಾಶಿ.

ಅದಕ್ಕೆ ಒಂದು ಕೆಟ್ಟ ಗುಣ ಇದೆ. ತೇವ ಹೀರುತ್ತದೆ. ಇನ್ನೊಂದು, ಸುಮಾರು 32 ಡಿಗ್ರಿ ಸೆಖೆಯ ಆಚೆ ಈಚೆ ಅದರ ಹರಳಿನ ರೂಪವೇ ಬದಲಾಗುತ್ತದೆ, ಹಾಗಾದಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗದಂತೆ ಟಕಾಟಾ ಬೇರೆ ವಸ್ತು ಬೆರೆಸಿತ್ತು. ಆದರೂ ವರ್ಷಗಟ್ಟಲೆ ತೇವ ಒಳಗಿಳಿದು, ಹಗಲು ಕಾದು ರಾತ್ರಿ ತಣಿದು ಆ ಬಿಲ್ಲೆಗಳು ಹಾಳಾದವು. ಗಟ್ಟಿ ಇದ್ದ ಬಿಲ್ಲೆ ಒಳಗೊಳಗೇ ತೂತು ತೂತಾಗಿ ಪುಡಿಯಾಗುತ್ತಾ ಬಂತು.

ನೀವು ಕೇಳಬಹುದು, ತೇವ ಹಿಡಿದ ಪಟಾಕಿ ಠುಸ್ ಅನ್ನುತ್ತದೆ, ಇದು ಯಾಕೆ ಜೋರಾಗಿ ಸಿಡಿಯುತ್ತದೆ ಅಂತ. ನನಗೂ ಮೊದಲು ಅರ್ಥ ಆಗಿರಲಿಲ್ಲ. ಬಚ್ಚಲ ಒಲೆ ನೆನಪು ಮಾಡಿಕೊಳ್ಳಿ. ದಪ್ಪ ಕುಂಟೆ ಇಟ್ಟರೆ ಗಂಟೆಗಟ್ಟಲೆ ನಿಧಾನವಾಗಿ ಉರಿಯುತ್ತದೆ. ಅದೇ ಮರದ ಒಣ ಗರಗಸದ ಹೊಟ್ಟನ್ನು ಒಂದು ಮುಷ್ಟಿ ಬೆಂಕಿಯ ಮೇಲೆ ಎರಚಿ ನೋಡಿ. ಭಗ್ ಅಂತ ಹುಬ್ಬು ಸುಡುತ್ತದೆ. ಮರ ಅದೇ, ಗಾಳಿ ತಾಗುವ ಜಾಗ ಜಾಸ್ತಿಯಾಯಿತು ಅಷ್ಟೇ. ಪುಡಿಯಾದ ಬಿಲ್ಲೆಯದೂ ಇದೇ ರೀತಿ. ಬೆಂಕಿ ಒಟ್ಟಿಗೇ ಎಲ್ಲಾ ಕಡೆ ಹಿಡಿಯುತ್ತದೆ. ಗ್ಯಾಸು ಹೊರಗೆ ಹೋಗಲು ಇಟ್ಟಿರುವ ಕಂಡಿಗಳು ಸಾಲುವುದಿಲ್ಲ. ಉಕ್ಕಿನ ಡಬ್ಬಿಯೇ ಒಡೆಯುತ್ತದೆ. ಅದರ ಚೂರುಗಳು ಚೀಲ ಹರಿದುಕೊಂಡು ಎದುರಿಗೆ ಬರುತ್ತವೆ. ಎದುರಿಗೆ ಇರುವುದು ಕುತ್ತಿಗೆ, ಮುಖ, ಎದೆ.

2009ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ 18 ವರ್ಷದ ಹುಡುಗಿಯೊಬ್ಬಳು ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಇನ್ನೊಂದು ಕಾರಿಗೆ ತಾಗಿಸಿದಳು. ಪಾರ್ಕಿಂಗ್‌ನಲ್ಲಿ ಆಗುವ ಪೆಟ್ಟು ಎಷ್ಟಿರುತ್ತದೆ ಅಂತ ನಮಗೆ ಗೊತ್ತಲ್ವಾ, ಬಂಪರ್ ಬದಲಿಸಿ ಕಳಿಸುವಂಥದ್ದು. ಅವಳು ಬದುಕಲಿಲ್ಲ. ಡಬ್ಬಿಯ ಚೂರು ಕುತ್ತಿಗೆಗೆ ತಾಗಿತ್ತು. 2014ರಲ್ಲಿ ಫ್ಲೋರಿಡಾದಲ್ಲಿ ಒಬ್ಬ ಮಹಿಳೆ ಸತ್ತಾಗ ಪೊಲೀಸರು ಗಾಯ ನೋಡಿ ಯಾರೋ ಚಾಕುವಿನಿಂದ ಇರಿದಿದ್ದಾರೆ ಅಂತಲೇ ಮೊದಲು ಅಂದುಕೊಂಡರು. ಅದೇ ವರ್ಷ ಮಲೇಷ್ಯಾದ ಸರವಾಕ್‌ನಲ್ಲಿ ಒಬ್ಬ ಬಸುರಿ ಹೆಂಗಸು. ಅದೂ ಸಣ್ಣ ಅಪಘಾತವೇ. ತಾಯಿಯೂ ಹೋದಳು, ಮಗುವೂ ಉಳಿಯಲಿಲ್ಲ.

ಅಮೆರಿಕ ಒಂದರಲ್ಲೇ ವಾಪಸ್ ಕರೆಸಿದ ಡಬ್ಬಿಗಳು ಸುಮಾರು 6 ಕೋಟಿ 70 ಲಕ್ಷ. ಅಲ್ಲಿನ ಇತಿಹಾಸದಲ್ಲೇ ದೊಡ್ಡ ರಿಕಾಲ್. ಪರೀಕ್ಷೆಯ ಫಲಿತಾಂಶ ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿದ್ದು ಹೊರಬಿತ್ತು. 2017ರ ಜನವರಿಯಲ್ಲಿ ಟಕಾಟಾ ತಪ್ಪು ಒಪ್ಪಿಕೊಂಡು 100 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದೇ ವರ್ಷ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಂಪನಿಯ ಕತೆ ನಾನು ಇಲ್ಲಿಗೇ ಬಿಡುತ್ತೇನೆ. ಅವರು ಮುಳುಗಿದರು, ಅವರ ಡಬ್ಬಿಗಳು ಇನ್ನೂ ಓಡಾಡುತ್ತಿವೆ.

ಈಗ ನಾವು ಯಾಕೆ ಇಲ್ಲಿ ಕೂತಿದ್ದೇವೆ ಅನ್ನುವುದಕ್ಕೆ ಬರುತ್ತೇನೆ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಯಾವ ಕಾರಿನ ಡಬ್ಬಿ ಮೊದಲು ಬದಲಿಸಬೇಕು ಅಂತ ತೀರ್ಮಾನಿಸಲು ದೇಶವನ್ನು ಮೂರು ವಲಯ ಮಾಡಿತು. ಎಲ್ಲಕ್ಕಿಂತ ಅಪಾಯ ಎ ವಲಯದಲ್ಲಿ. ಅದರಲ್ಲಿ ಫ್ಲೋರಿಡಾ, ಲೂಸಿಯಾನಾ, ಹವಾಯಿ, ಪೋರ್ಟೊ ರಿಕೊ ಇವೆಲ್ಲಾ ಇವೆ. ಸೆಖೆ ಇರುವ, ಗಾಳಿಯಲ್ಲಿ ಸದಾ ತೇವ ಇರುವ ಊರುಗಳು. ಫ್ರಾನ್ಸಿನಲ್ಲೂ ಹೆಚ್ಚಿನ ಸಾವು ಆದದ್ದು ಅವರ ದೂರದ ಸಮುದ್ರ ದ್ವೀಪಗಳಲ್ಲಿ. ಕೊನೆಗೆ 2025ರ ಜೂನ್‌ನಲ್ಲಿ ಅಲ್ಲಿ ಸಿಟ್ರೊಯೆನ್ ಸಿ3 ಮತ್ತು ಡಿಎಸ್3 ಕಾರುಗಳನ್ನು ಡಬ್ಬಿ ಬದಲಿಸುವ ತನಕ ರಸ್ತೆಗೇ ಇಳಿಸಬೇಡಿ ಅಂತ ಹೇಳಬೇಕಾಯಿತು.

ಈ ಊರುಗಳ ಹೆಸರು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರೇ. ಆಷಾಢದಲ್ಲಿ ನಮ್ಮ ಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಹಪ್ಪಳ ಹೊರಗಿಟ್ಟರೆ ಹತ್ತು ನಿಮಿಷಕ್ಕೆ ಮೆತ್ತಗೆ. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಸ್ಟು. ಅಡಿಕೆ ಒಣಗಿಸಿದವರಿಗೆ ತೇವ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮಳೆ ಬಿಟ್ಟ ಮೇಲೆ ಮಾರ್ಚ್, ಏಪ್ರಿಲ್ ಸೆಖೆ. ರೈಲ್ವೆ ಸ್ಟೇಷನ್ ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಹೋದ ಕಾರಿನ ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ರಾತ್ರಿ ಅದೇ ಕಾರಿನ ಗಾಜಿನ ಮೇಲೆ ಇಬ್ಬನಿ. ಹೀಗೆ ಒಂದು ಕಾರು ನಮ್ಮಲ್ಲಿ ಹತ್ತು ಹದಿನೈದು ವರ್ಷ ಕಳೆಯುತ್ತದೆ.

ಉಪ್ಪುಗಾಳಿ ಬಾಡಿ ತಿನ್ನುವುದು ನಮಗೆಲ್ಲಾ ಗೊತ್ತು. ಅದು ಕಾಣುತ್ತದೆ, ಬೆರಳಿಟ್ಟರೆ ತುಕ್ಕು ಉದುರುತ್ತದೆ. ಡಬ್ಬಿಯೊಳಗಿನ ತೇವ ಕಾಣುವುದಿಲ್ಲ. ಇಲ್ಲಿರುವ ಗ್ಯಾರೇಜಿನವರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ವೈರಿಂಗ್ ನೋಡುತ್ತದೆ, ಸೆನ್ಸರ್ ನೋಡುತ್ತದೆ, ಏರ್‌ಬ್ಯಾಗ್ ಬಿಚ್ಚಬೇಕಾ ಅಂತ ತೀರ್ಮಾನಿಸುವ ಕಂಟ್ರೋಲರ್ ನೋಡುತ್ತದೆ. ಬಿಲ್ಲೆ ಪುಡಿಯಾಗಿದೆಯಾ ಅಂತ ನೋಡುವ ಶಕ್ತಿ ಅದಕ್ಕಿಲ್ಲ. ಲೈಟ್ ಆರಿರುತ್ತದೆ, ಸ್ಕ್ಯಾನರ್ ಎಲ್ಲಾ ಸರಿ ಇದೆ ಅನ್ನುತ್ತದೆ. ಭಾವನ ಕಾರಿನಲ್ಲಿ ನನಗೆ ಆದದ್ದು ಅದೇ. ಕೈಚಳಕದಿಂದ ಗೊತ್ತಾಗುವ ದೋಷ ಇದಲ್ಲ. ಆ 17 ಅಕ್ಷರ ಮಾತ್ರ ಹೇಳಬಲ್ಲದು.

ನಮ್ಮ ದೇಶದಲ್ಲಿ ರಿಕಾಲ್ ಆಗಿಲ್ಲವಾ? ಆಗಿದೆ. ವಾಹನ ತಯಾರಕರ ಸಂಘ 2012ರ ಜುಲೈನಲ್ಲಿ ಕಂಪನಿಗಳು ತಾವಾಗಿಯೇ ರಿಕಾಲ್ ಮಾಡುವ ಒಂದು ಪದ್ಧತಿ ಮಾಡಿತು. ಟಕಾಟಾ ಡಬ್ಬಿಗಾಗಿ ಹೋಂಡಾ ನಮ್ಮಲ್ಲಿ ಹಲವು ಸಲ ಕಾರು ವಾಪಸ್ ಕರೆದಿದೆ. 2017ರ ಜನವರಿಯಲ್ಲಿ 41,580, ಮರುವರ್ಷ ಜನವರಿಯಲ್ಲಿ 22,834. ಅದಕ್ಕೂ ಮುಂಚೆ ಇನ್ನೂ ದೊಡ್ಡ ಸಂಖ್ಯೆಯಲ್ಲಿ. ಟೊಯೊಟಾ ಕೂಡ ಕೊರೊಲಾ ಕಾರುಗಳನ್ನು ಕರೆದಿತ್ತು. ಪೇಪರಿನಲ್ಲಿ ಬಂತು, ಒಂದು ದಿನ ಓದಿದೆವು, ಮಡಚಿಟ್ಟೆವು.

ಪತ್ರ ಯಾರಿಗೆ ಹೋಗುತ್ತದೆ ನೋಡಿ. ಕಂಪನಿಯ ದಾಖಲೆಯಲ್ಲಿ ಇರುವ ಹೆಸರಿಗೆ. ಅದು ಹೆಚ್ಚಾಗಿ ಶೋರೂಮಿನಲ್ಲಿ ಕಾರು ಬಿಡಿಸಿಕೊಂಡ ಮೊದಲ ಮಾಲೀಕನ ಹೆಸರು, ಅವನ ಹಳೇ ವಿಳಾಸ, ಹಳೇ ಫೋನ್ ನಂಬರ್. ನಮ್ಮ ಜಿಲ್ಲೆಗೆ ಕಾರು ಹೇಗೆ ಬರುತ್ತದೆ ಅಂತ ನಿಮಗೆಲ್ಲಾ ಗೊತ್ತು. ಗೋವಾ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನಲ್ಲಿ ಓಡಿ ಆಮೇಲೆ ನಮ್ಮ ಕೈಗೆ. ಆಮೇಲೆ ಸರ್ವಿಸ್ ನಮ್ಮಂಥ ಗ್ಯಾರೇಜಿನಲ್ಲಿ. ಕಂಪನಿಯ ಸರ್ವಿಸ್ ಸೆಂಟರ್ ಮೆಟ್ಟಿಲನ್ನು ಕಾರು ಮತ್ತೆ ಹತ್ತುವುದೇ ಇಲ್ಲ. ಹತ್ತಿದ್ದರೆ ಅವರ ಕಂಪ್ಯೂಟರಾದರೂ ಹೇಳುತ್ತಿತ್ತು. ಭಾವನ ಕಾರಿನ ಪತ್ರ ಗೋವಾದ ಯಾವುದೋ ಫ್ಲ್ಯಾಟಿನ ಬಾಗಿಲಿಗೆ ಹೋಗಿ ಬಿದ್ದಿರಬೇಕು.

ಕಾನೂನಿನ ಮಾತೂ ಹೇಳಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. 110ಎ ಅನ್ನುವ ಕಲಂ ಸೇರಿತು. ದೋಷ ಇರುವ ವಾಹನ ವಾಪಸ್ ಕರೆಯಿರಿ ಅಂತ ಕಂಪನಿಗೆ ಆದೇಶ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಾದವು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ. ಸಾರಿಗೆ ಸಚಿವಾಲಯದ ಪರಿವಹನ್ ಜಾಲತಾಣದಲ್ಲಿ ನಾವೇ ದೂರು ಕೊಡಬಹುದು. ಇದೆಲ್ಲಾ ಒಳ್ಳೆಯದೇ. ಆದರೆ ಈ ಕಡ್ಡಾಯ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ನನಗೆ ಇದು ಸರಿ ಅನ್ನಿಸುವುದಿಲ್ಲ. ತೇವ ಹಿಡಿಯುವ ಡಬ್ಬಿ ಹೊಸದಿದ್ದಾಗ ಚೆನ್ನಾಗಿಯೇ ಇರುತ್ತದೆ, ಅಪಾಯ ವರ್ಷ ಕಳೆದ ಹಾಗೆ ಬೆಳೆಯುತ್ತದೆ. ಬಡವರು, ಮಧ್ಯಮ ವರ್ಗದವರು ಓಡಿಸುವುದು ಹಳೇ ಕಾರು. ಅವರ ತನಕ ಬರುವಾಗ ಕಾನೂನಿನ ಕೈ ಸಣ್ಣದಾದರೆ ಹೇಗೆ? ಈ ಏಳು ವರ್ಷದ ಗೆರೆ ಹೋಗಬೇಕು ಅಂತ ನಾನು ಸಿಕ್ಕಿದವರಿಗೆಲ್ಲಾ ಹೇಳುತ್ತಿದ್ದೇನೆ, ನೀವೂ ಹೇಳಿ.

ಇಷ್ಟು ಕೇಳಿ ಯಾರಾದರೂ ಮನೆಗೆ ಹೋಗಿ ಏರ್‌ಬ್ಯಾಗ್ ವೈರ್ ಕಿತ್ತು ಬಿಟ್ಟರೆ ನಾನು ಮಾತಾಡಿದ್ದೇ ತಪ್ಪಾಗುತ್ತದೆ. ಏರ್‌ಬ್ಯಾಗ್ ಜೀವ ಉಳಿಸುತ್ತದೆ. ಅಮೆರಿಕದಲ್ಲಿ 1987ರಿಂದ 2017ರ ತನಕ ಮುಂದಿನ ಏರ್‌ಬ್ಯಾಗುಗಳಿಂದ ಉಳಿದ ಜೀವ 50 ಸಾವಿರಕ್ಕೂ ಹೆಚ್ಚು ಅನ್ನುವುದು ಅಲ್ಲಿನ ಸರ್ಕಾರಿ ಅಂದಾಜು. ಟಕಾಟಾ ಡಬ್ಬಿಗಳಲ್ಲೂ ಹೆಚ್ಚಿನವು ಸರಿಯಾಗಿಯೇ ಕೆಲಸ ಮಾಡಿದವು. 2001ರಿಂದ 2003ರ ಕೆಲವು ಹೋಂಡಾ ಕಾರುಗಳ ಡಬ್ಬಿ ಮಾತ್ರ ತೀರಾ ಕೆಟ್ಟದ್ದು. ಅಪಘಾತದಲ್ಲಿ ಅವು ಒಡೆಯುವ ಸಾಧ್ಯತೆ ಶೇಕಡಾ 50ರ ತನಕ ಅಂತ 2016ರಲ್ಲಿ ಅಲ್ಲಿನ ಇಲಾಖೆಯೇ ಹೇಳಿತು. ನಿಮ್ಮ ಕಾರು ಯಾವ ಸಾಲಿಗೆ ಸೇರುತ್ತದೆ ಅಂತ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ, ನಂಬರ್ ಹಾಕಿ ನೋಡಿ.

ದೋಷ ಇನ್ನೊಂದು ರೀತಿಯೂ ಇರುತ್ತದೆ. ಬೇಕಾದಾಗ ಬಿಚ್ಚಿಕೊಳ್ಳದೇ ಇರುವುದು. 2023ರ ಜನವರಿಯಲ್ಲಿ ಮಾರುತಿ 17,362 ಕಾರುಗಳನ್ನು ಏರ್‌ಬ್ಯಾಗ್ ಕಂಟ್ರೋಲರ್ ಸಲುವಾಗಿ ಕರೆಯಿತು. ಆಲ್ಟೊ ಕೆ10, ಬ್ರೆಝಾ, ಬಲೆನೊ ಎಲ್ಲಾ ಇದ್ದವು. ಒಂದೂ ಹಳೇ ಕಾರಲ್ಲ, ಹಿಂದಿನ ತಿಂಗಳು, ಅದೇ ತಿಂಗಳು ಫ್ಯಾಕ್ಟರಿಯಿಂದ ಬಂದವು. ಭಾಗ ಬದಲಿಸುವ ತನಕ ಕಾರು ಓಡಿಸಬೇಡಿ ಅಂತ ಕಂಪನಿಯೇ ಹೇಳಿತು. ಹೊಸ ಕಾರಿದೆ, ನನಗೇನು ಅನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ.

ಅಕ್ಕನ ಕಾರಿನ ಕತೆ ಮುಗಿಸುತ್ತೇನೆ. ಮರುದಿನ ಬೆಳಿಗ್ಗೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಡಬ್ಬಿ ಸ್ಟಾಕ್ ಇಲ್ಲ, ಒಂದು ತಿಂಗಳಾಗಬಹುದು ಅಂದರು. ಅಲ್ಲಿಯ ತನಕ ಓಡಿಸಬಹುದಾ ಅಂತ ಕೇಳಿದೆ. ಫೋನಿನಲ್ಲಿದ್ದ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಕಾರನ್ನು ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸಿ ಕೀಲಿ ನಾನೇ ಇಟ್ಟುಕೊಂಡೆ. ಡಬ್ಬಿ ಬರುವ ತನಕ ಅಕ್ಕ ಬಸ್ಸಿನಲ್ಲಿ ಓಡಾಡಿದಳು. ದಿನಾ ಬೈಸಿಕೊಂಡೆ. ಮಾತಿಗೆ ಬರಹದ ದಾಖಲೆ ಇರಲಿ ಅಂತ ಇಮೇಲ್ ಹಾಕಿಸಿದೆ. ಇಮೇಲ್ ಹೋದ ಮೇಲೆ ಡಬ್ಬಿ ಸ್ವಲ್ಪ ಬೇಗವೇ ಬಂತು. ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡು ಬಂದೆವು. ಒಂದು ಗಂಟೆ ಒಳಗಿನ ಕೆಲಸ. ಒಂದು ರೂಪಾಯಿ ತಗೊಳ್ಳಲಿಲ್ಲ. ರಿಕಾಲ್ ಕೆಲಸಕ್ಕೆ ಯಾರೂ ದುಡ್ಡು ಕೇಳಬಾರದು, ನೀವು ಎಷ್ಟನೇ ಮಾಲೀಕರಾದರೂ. ಕೆಲಸ ಆದ ಚೀಟಿ ಕೇಳಿ ಇಸಕೊಳ್ಳಿ. ಮುಂದೆ ಕಾರು ಮಾರುವಾಗ ಆ ಚೀಟಿಯನ್ನೂ ಆರ್‌ಸಿ ಜೊತೆ ಕೊಡಿ.

ಬಿಚ್ಚಿದ ಹಳೇ ಡಬ್ಬಿಯನ್ನು ಅಲ್ಲಿನ ಮೆಕ್ಯಾನಿಕ್ ನನಗೆ ತೋರಿಸಿದ. ಎರಡೂ ಕೈಯಲ್ಲಿ ಹಿಡಿದಿದ್ದ. ಹೊರಗಿನಿಂದ ಹೊಸದರ ಹಾಗೇ ಇತ್ತು. ಒಂದು ಗೀರೂ ಇಲ್ಲ. ಅದನ್ನು ಅದರದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಕಂಪನಿಗೆ ವಾಪಸ್ ಕಳಿಸಲು ಇಟ್ಟ.

ಗ್ಯಾರೇಜಿನ ಹುಡುಗರೇ, ನಿಮಗೆ ಎರಡು ಮಾತು. 2016ರಲ್ಲಿ ಫ್ಲೋರಿಡಾದಲ್ಲಿ ವಯಸ್ಸಾದವರೊಬ್ಬರು 2001ರ ಹೋಂಡಾ ಅಕಾರ್ಡ್ ಒಳಗೆ ಕೂತು ಸುತ್ತಿಗೆ ಹಿಡಿದು ಏನೋ ರಿಪೇರಿ ಮಾಡುತ್ತಿದ್ದರು. ಕಾರು ಓಡುತ್ತಿರಲಿಲ್ಲ, ಅಪಘಾತ ಆಗಿರಲಿಲ್ಲ. ಡಬ್ಬಿ ಸಿಡಿದು ಅವರು ತೀರಿಕೊಂಡರು. ಸ್ಟೇರಿಂಗ್ ಬಿಚ್ಚುವ ಮುಂಚೆ ಬ್ಯಾಟರಿ ಕಳಚಿ, ಆ ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಡಬ್ಬಿಯ ವೈರಿಗೆ ಮಲ್ಟಿಮೀಟರ್ ತಾಗಿಸಬೇಡಿ. ಸುತ್ತಿಗೆ ಹತ್ತಿರ ತರಬೇಡಿ. ಗುಜರಿಯಿಂದ ಹಳೇ ಏರ್‌ಬ್ಯಾಗ್ ತಂದು ಯಾರ ಕಾರಿಗೂ ಹಾಕಬೇಡಿ. ಅದು ಯಾವ ಕಾರಿನದ್ದು, ಎಷ್ಟು ಮಳೆಗಾಲ ಕಂಡಿದೆ ಅಂತ ನಿಮಗೆ ತಿಳಿಯುವುದಿಲ್ಲ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಜಾಗಕ್ಕೆ, ಎಲ್ಲಾ ಸರಿ ಇದೆ ಅಂತ ಕಂಟ್ರೋಲರನ್ನು ನಂಬಿಸುವ ರೆಸಿಸ್ಟರ್ ಇಟ್ಟು ಲೈಟ್ ಆರಿಸಿ ಮಾರುವುದು ಕೊಲೆಗೆ ಸಮ. ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ.

ಕಾರಿನವರಿಗೆ ಇನ್ನೊಂದು. ಎಡಬದಿಯ ಏರ್‌ಬ್ಯಾಗ್ ಇರುವುದು ಡ್ಯಾಶ್‌ಬೋರ್ಡ್ ಒಳಗೆ. ಅದರ ಮುಚ್ಚಳದ ಮೇಲೆಯೇ ನಾವು ಗಣಪತಿಯನ್ನೋ ಮಾರಿಕಾಂಬೆಯನ್ನೋ ಅಂಟಿಸುತ್ತೇವೆ. ಏರ್‌ಬ್ಯಾಗ್ ಎದ್ದರೆ ಆ ಮೂರ್ತಿ ಎದುರು ಕೂತವರ ಮುಖಕ್ಕೆ ಬರುತ್ತದೆ. ದೇವರನ್ನು ನಡುವೆ, ಮುಚ್ಚಳದಿಂದ ಈಚೆ ಇಡಿ. ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬೇಡಿ. ಬೆಲ್ಟ್ ಹಾಕಿ. ಏರ್‌ಬ್ಯಾಗ್ ಬೆಲ್ಟಿನ ಜೊತೆಗೆ ಕೆಲಸ ಮಾಡಲು ಮಾಡಿದ್ದು.

ಚಾಸಿ ನಂಬರ್ ಆರ್‌ಸಿಯಲ್ಲಿದೆ. ಓದುವಾಗ ಒಂದು ನೆನಪಿಡಿ, ಅದರಲ್ಲಿ ಐ, ಒ, ಕ್ಯೂ ಅನ್ನುವ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ. ಬಹಳ ಜನ ಇಲ್ಲೇ ತಪ್ಪು ಹಾಕಿ, ಏನೂ ಬರಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಒಮ್ಮೆ ನೋಡಿ ಏನೂ ಇಲ್ಲ ಅಂತ ಬಂದರೂ ವರ್ಷಕ್ಕೆ ಎರಡು ಸಲ ನೋಡುತ್ತಿರಿ. ಹೊಸ ರಿಕಾಲ್ ಬರುತ್ತಲೇ ಇರುತ್ತವೆ. ನಾನು ಮಳೆಗಾಲಕ್ಕೆ ಮುಂಚೆ ವೈಪರ್ ಬದಲಿಸುವಾಗ ಒಮ್ಮೆ, ದೀಪಾವಳಿಗೆ ಕಾರು ತೊಳೆಯುವಾಗ ಒಮ್ಮೆ ನೋಡುತ್ತೇನೆ. ನನ್ನ ಗ್ಯಾರೇಜಿಗೆ ಬರುವ ಪ್ರತಿ ಕಾರಿನ ಕಾರ್ಡಿನಲ್ಲಿ ಈಗ ಆಯಿಲ್, ಬ್ರೇಕ್ ಜೊತೆ ರಿಕಾಲ್ ಅಂತ ಒಂದು ಸಾಲು ಸೇರಿಸಿದ್ದೇನೆ.

ಆರ್‌ಸಿ ತನ್ನಿ ಅಂತ ಮೊದಲೇ ಹೇಳಿದ್ದೆವು. ತಂದವರು ಎದುರಿನ ಟೇಬಲ್ಲಿಗೆ ಬನ್ನಿ. ಅಕ್ಕನ ಮಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾನೆ. ನೀವು ಒಂದೊಂದೇ ಅಕ್ಷರ ಓದಿ, ಅವನು ಹಾಕುತ್ತಾನೆ. ಘಾಟಿ ಹತ್ತಬೇಕಾದವರು ಮೊದಲು ಬನ್ನಿ.